ಮುಂಜಾನೆ 6:10ರ ಫ್ಲೈಟ್, ಅಪ್ಪಾರಿಗೆ ಶುಗರ್: ಏರ್‌ಪೋರ್ಟ್‌ನ್ಯಾಗ ಕಾಫಿ ಯಾವಾಗ, ತಿಂಡಿ ಎಲ್ಲಿ?

ಪ್ರಶ್ನೆ: ಸರ್, ನಮ್ದು ಕುರುಗೋಡು. ಮುಂದಿನ ತಿಂಗಳು ಅಪ್ಪ-ಅವ್ವನ್ನ ಕಾಶಿಗೆ ಕರ್ಕೊಂಡು ಹೊಂಟೀನಿ, ಬೆಂಗಳೂರಿಂದ ಮುಂಜಾನೆ 6:10ಕ್ಕೆ ಫ್ಲೈಟ್. ಇಬ್ರಿಗೂ ಇದು ಮೊದಲ್ನೇ ವಿಮಾನ. ಅಪ್ಪಗ ಶುಗರ್ ಐತಿ, ಎದ್ದ ಕೂಡ್ಲೇ ಕಾಫಿ ಬೇಕೇ ಬೇಕು, ಏಳರ ಸುಮಾರಿಗೆ ಏನಾರ ತಿಂದು ಗುಳಿಗಿ ತಗೋಬೇಕು. ಏರ್‌ಪೋರ್ಟ್‌ನ್ಯಾಗ ಒಂದು ಕಾಫಿಗೆ 300 ರೂಪಾಯಿ ಅಂತಾರ, ಖರೇನಾ? ಮನಿಯಿಂದ ಕಟಿಗೊಂಡು ಹೋದ್ರ ಒಳಗ ಬಿಡ್ತಾರಾ? ಎಷ್ಟೊತ್ತಿಗೆ ಎಲ್ಲಿ ಕುಂತು ತಿನ್ನೋದು?

ಉತ್ತರ: ತಂಗಿ, ಮೊದ್ಲ ಉತ್ತರ ಹೇಳಿಬಿಡ್ತೀನಿ, ಆಮ್ಯಾಲೆ ಪುರಾಣ. ತಿಂಡಿ ಮನಿಯಿಂದ ಒಯ್ರಿ, ಕಾಫಿ ಒಂದು ಅಲ್ಲಿ ಕೊಳ್ರಿ. ಕಾಫಿನೂ ಸೆಕ್ಯುರಿಟಿ ದಾಟಿ, ನಿಮ್ಮ ಗೇಟ್, ಅಂದ್ರ ವಿಮಾನ ಹತ್ತೋ ಬಾಗ್ಲ, ಎಲ್ಲೈತಿ ಅಂತ ಕಣ್ಣಿಲೆ ನೋಡಿ, ಅದರ ಹತ್ರದ ಕೌಂಟರ್‌ನ್ಯಾಗ. ಮತ್ತ ತಿಂಡಿ ಡಬ್ಬಿ ಏರ್‌ಪೋರ್ಟ್‌ನ್ಯಾಗ ಬಿಚ್ಚಬ್ಯಾಡ್ರಿ, ವಿಮಾನದಾಗ ಬಿಚ್ರಿ.

ನಾನು ಆರು ವರ್ಷ ಒಂದು ದೊಡ್ಡ ಏರ್‌ಪೋರ್ಟ್ ಒಳಗಿನ ಕಾಫಿ-ತಿಂಡಿ ಕೌಂಟರ್‌ನ್ಯಾಗ ನೈಟ್ ಶಿಫ್ಟ್ ದುಡಿದಾಂವ, ಈಗ ಬಳ್ಳಾರಿಯಾಗ ಟಿಕೆಟ್ ಬುಕಿಂಗ್ ಇಟ್ಕೊಂಡೀನಿ, ಕಾಶಿ, ಶಿರಡಿ ಅಂತ ಗುಂಪು ಕಟ್ಟಿ ಕಳಸ್ತಿರ್ತೀನಿ. ಮಂದಿ ಬ್ಯಾಗಿನ ತೂಕ ಕೇಳ್ತಾರ, ಕಿಟಕಿ ಸೀಟ್ ಕೇಳ್ತಾರ, ಹೊಟ್ಟಿ ವಿಷಯ ಯಾರೂ ಕೇಳಂಗಿಲ್ಲ, ಕೊನಿಗೆ ಗಲಾಟಿ ಆಗೋದು ಮಾತ್ರ ಹೊಟ್ಟಿಯಿಂದನ. ನೀವು ಕೇಳಿದ್ದು ಚಲೋ ಆತು.

ಮೊದ್ಲ ಗಡಿಯಾರ ನೋಡೋಣು. ಫ್ಲೈಟ್ 6:10 ಅಂದ್ರ ಬ್ಯಾಗ್ ಕೊಡೋ ಕೌಂಟರ್ ದೇಶದೊಳಗಿನ ಪ್ರಯಾಣಕ್ಕ 60 ನಿಮಿಷ ಮೊದ್ಲ, ಅಂದ್ರ 5:10ಕ್ಕ ಬಂದ್. ಗೇಟ್ 20-25 ನಿಮಿಷ ಮೊದ್ಲ ಮುಚ್ತಾರ, ಅಂದ್ರ 5:45ರ ಮ್ಯಾಲೆ ನೀವು ಕಾಲಿಗೆ ಬಿದ್ರೂ ಬಿಡಂಗಿಲ್ಲ. ಬೋರ್ಡಿಂಗ್, ಅಂದ್ರ ಮಂದಿನ್ನ ವಿಮಾನ ಹತ್ತಸೋದು, 5:25ರ ಸುಮಾರಿಗೆ ಶುರು ಅಂತ ಇಟ್ಕೊರಿ. ನೀವು 4ಕ್ಕ ಬಾಗ್ಲಾಗ ಇದ್ರ, ಬ್ಯಾಗ್ ಕೊಟ್ಟು ಸೆಕ್ಯುರಿಟಿ ಮುಗಿಸಿ ಒಳಗ ಬರೋದ್ರಾಗ 4:50 ಆಗತೈತಿ, ಯಾಕಂದ್ರ ನಸುಕಿನ್ಯಾಗ ಭಾಳ ಗದ್ದಲ. ಹಂಗಾಗಿ ನಿಮ್ಮ ಕೈಗೆ ಸಿಗೋದು 4:50ರಿಂದ 5:25, ಮೂವತ್ತೈದು ನಿಮಿಷ ಅಷ್ಟ. ಅದರೊಳಗ ಅವ್ವಾರು ಬಾತ್‌ರೂಮ್‌ಗೆ ಹೋಗಿ ಬರ್ಬೇಕು, ಗೇಟ್ ಹುಡುಕ್ಬೇಕು, ಅದೂ ಒಂದೊಂದ್ಸಲ ಅರ್ಧ ಕಿಲೋಮೀಟರ್ ದೂರ ಇರ್ತೈತಿ. ಇಷ್ಟ್ರಾಗ ಕಾಫಿ ಆಗತೈತಿ, ಕಾಫಿ ಜೊತಿ ನಾಷ್ಟಾ ಆಗಂಗಿಲ್ಲ.

ಆಗಬೇಕಾಗಿಯೂ ಇಲ್ರಿ. ನೀವೇ ಬರದೀರಿ, ಅಪ್ಪಾರು ತಿನ್ನೋದು ಏಳರ ಸುಮಾರಿಗೆ ಅಂತ. ವಿಮಾನ 6:10ಕ್ಕ ಹೊಂಟ್ರ ಆರೂವರೆಗೆಲ್ಲ ಬೆಲ್ಟ್ ಲೈಟ್ ಆರತೈತಿ, 6:45ಕ್ಕ ಆರಾಮ್ ಕುಂತು ಮುಂದಿನ ಟ್ರೇ ಬಿಚ್ಚಿ ಡಬ್ಬಿ ತೆಗೀರಿ. ಅಪ್ಪಾರ ಟೈಮ್ ಟೈಮಿಗೆ ಆತು. ಇನ್ನೊಂದು ಲಾಭ ಐತಿ. ಐಸಿಎಂಆರ್-ಎನ್‌ಐಎನ್ ಅನ್ನೋ ಸರಕಾರದ ಆಹಾರ ಸಂಶೋಧನಾ ಸಂಸ್ಥೆಯವರು 2024ರ ಆಹಾರ ಮಾರ್ಗಸೂಚಿಯೊಳಗ ಹೇಳ್ಯಾರ, ಊಟಕ್ಕ ಒಂದು ತಾಸು ಮೊದ್ಲ ಒಂದು ತಾಸು ಆಮ್ಯಾಲೆ ಚಹಾ-ಕಾಫಿ ಬ್ಯಾಡ, ಅದರೊಳಗಿನ ಟ್ಯಾನಿನ್ ಊಟದಾಗಿನ ಕಬ್ಬಿಣ ಮೈಗೆ ಹತ್ತಾಕ ಬಿಡಂಗಿಲ್ಲ ಅಂತ. ಐದಕ್ಕ ಕಾಫಿ, ಆರೂ ಮುಕ್ಕಾಲಕ್ಕ ತಿಂಡಿ, ಲೆಕ್ಕ ತಾನಾಗಿ ಕೂಡಿ ಬರತೈತಿ. ಆದ್ರ ಒಂದು ಮಾತು, ರಾತ್ರಿ ಪ್ರಯಾಣ ಮಾಡಿ ಬಂದಿರ್ತೀರಿ, ಊಟ ಎಂಟಕ್ಕ ಆಗಿರ್ತೈತಿ, ಹಂಗಾಗಿ ನಡುವೆ ನಾಕರ ಸುಮಾರಿಗೆ ಅಪ್ಪಾರಿಗೆ ಏನಾರ ಸಣ್ಣದು ಬಾಯಿಗೆ ಬೀಳಬೇಕಾ, ಗುಳಿಗಿ ಯಾವುದು, ತಿನ್ನೋದು ತಡ ಆದ್ರ ನಡೀತೈತಾ ಅಂತ ನಿಮ್ಮ ಡಾಕ್ಟರ್‌ನ ಈಗ್ಲೇ ಕೇಳಿಟ್ಕೊರಿ. ಕೆಲವು ಗುಳಿಗಿ ತಗೊಂಡು ತಿನ್ನಾಕ ತಡ ಮಾಡಿದ್ರ ಶುಗರ್ ಇಳದು ಬೆವರು, ನಡುಕ ಶುರು ಆಗತಾವ. ಇನ್ಸುಲಿನ್ ಇದ್ರ ಅದನ್ನ ಕೈಬ್ಯಾಗಿನ್ಯಾಗ ಡಾಕ್ಟರ್ ಚೀಟಿ ಸಮೇತ ಇಟ್ಕೊರಿ, ದೊಡ್ಡ ಬ್ಯಾಗಿಗೆ ಹಾಕಬ್ಯಾಡ್ರಿ. ಜೇಬಿನ್ಯಾಗ ನಾಕು ಪೆಪ್ಪರ್‌ಮೆಂಟ್ ಇರ್ಲಿ.

ಈಗ ಕಾಫಿ. ಅಲ್ಲಿ ಎರಡು ಥರದ ಕಾಫಿ ಸಿಗತಾವ, ಮಷೀನ್ ಕಾಫಿ, ಫಿಲ್ಟರ್ ಕಾಫಿ. ಅಪ್ಪಾರಿಗೆ ಎರಡನೇದು ಹುಡುಕ್ರಿ. ಮಷೀನಿನ ಕ್ಯಾಪುಚಿನೊ, ಲಾಟೆ ಇವಕ್ಕ ಹಾಲು ಕುದಿಸಂಗಿಲ್ಲ, ಹಬೆ ಹೊಡ್ದು 60-65 ಡಿಗ್ರಿಗೆ ನಿಲ್ಲಸ್ತಾರ, ಅದಕ್ಕಿಂತ ಮ್ಯಾಲೆ ಹೋದ್ರ ಹಾಲಿನ ಸಿಹಿ ಕೆಡತೈತಿ, ನೊರಿ ನಿಲ್ಲಂಗಿಲ್ಲ ಅಂತ ನಮಗ ಟ್ರೈನಿಂಗ್‌ನ್ಯಾಗ ಹೇಳಿಕೊಟ್ಟಿದ್ರು. ಅದು ಅವರ ಶಾಸ್ತ್ರ. ನಮ್ ಮಂದಿ ಕುಡಿಯೋದು ಕುದಿ ಬಂದ ಹಾಲಿನ ಕಾಫಿ, ತುಟಿ ಚುರ್ ಅನ್ಬೇಕು. ಹಂಗಾಗಿ ಏರ್‌ಪೋರ್ಟ್‌ನ್ಯಾಗ ನಮ್ ಕಡೆಯವರು ಮಾಡೋ ಮೊದಲ್ನೇ ತಕರಾರು ರೇಟ್ ಅಲ್ರಿ, 'ಏನಪಾ ಇದು, ಉಗುರು ಬೆಚ್ಚಗ ಐತಿ' ಅನ್ನೋದು. ಫಿಲ್ಟರ್ ಕಾಫಿ ಇಲ್ಲ ಅಂದ್ರ ಬಿಲ್ ಮಾಡಿಸೋವಾಗ್ಲೇ 'ಎಕ್ಸ್‌ಟ್ರಾ ಹಾಟ್' ಅನ್ರಿ, ಅದಕ್ಕ ರೊಕ್ಕ ಕೇಳಂಗಿಲ್ಲ. ಫಿಲ್ಟರ್ ಕಾಫಿ ಸಿಕ್ಕ್ರ ಇನ್ನೊಂದು ಅನುಕೂಲ, ಡಿಕಾಕ್ಷನ್ ತಯಾರ್ ಇರ್ತೈತಿ, ಹಾಲು ಹಾಕಿದ್ರ ಮುಗೀತು. ಮಷೀನ್ ಕಾಫಿಗೆ ಪ್ರತಿ ಕಪ್ಪಿಗೂ ಬೀಜ ಬೀಸಿ, ಒತ್ತಿ, 25-30 ಸೆಕೆಂಡು ಇಳಿಸಿ, ಹಾಲಿಗೆ ಹಬೆ ಹೊಡ್ದು ಕೊಡಬೇಕು, ನಿಮ್ಮ ಮುಂದ ಹನ್ನೆರಡು ಮಂದಿ ಇದ್ರ ಲೆಕ್ಕ ನೀವೇ ಹಾಕ್ರಿ.

ಸಕ್ರಿ ವಿಷಯ. ಮಷೀನ್ ಕಾಫಿಗೆ ಸಕ್ರಿ ಪಾಕೀಟು ಬ್ಯಾರೆ ಕೊಡ್ತಾರ, ಶುಗರ್ ಇದ್ದೋರಿಗೆ ಅದು ಚಲೋ. ಚಹಾ ಕೇಳಿದ್ರ ಮಾತ್ರ ಹುಷಾರ್, ಪ್ರೀಮಿಕ್ಸ್ ಪುಡಿ ಹಾಕಿ ಬಟನ್ ಒತ್ತೋ ಡಬ್ಬಿ ಇದ್ರ ಅದರಾಗ ಸಕ್ರಿ ಮೊದ್ಲ ಸೇರಿರೋದ ಹೆಚ್ಚು. 'ಶುಗರ್‌ಲೆಸ್ ಐತ್ರೀ?' ಅಂತ ಕೇಳಿದ್ರ ಹುಡುಗ್ರು ಖರೇನ ಹೇಳ್ತಾರ. ಮೋಕಾ, ಫ್ರಾಪೆ ಅಂತ ಬೋರ್ಡಿನ್ಯಾಗ ಚಂದ ಕಾಣೋವೆಲ್ಲ ಸಿರಪ್ಪು, ಆ ಕಡೆ ನೋಡಬ್ಯಾಡ್ರಿ. ಎಸ್ಪ್ರೆಸೊ ಅಂದ್ರ ಒಂದು ಗುಟುಕು ಕಷಾಯ, ಕಡಿಮಿ ರೇಟ್ ಐತಿ ಅಂತ ಅದನ್ನ ತಗೊಂಡು ಬೈಕೊಂಡೋರು ಭಾಳ ಮಂದಿ.

300 ರೂಪಾಯಿ ಖರೇನಾ ಅಂದ್ರಿ. ಖರೇ. ಬ್ರ್ಯಾಂಡ್ ಅಂಗಡಿಯೊಳಗ ಕ್ಯಾಪುಚಿನೊ 250-350ರ ಒಳಗ ಇರ್ತೈತಿ, ಫಿಲ್ಟರ್ ಕಾಫಿ ಅದಕ್ಕಿಂತ ಕಡಿಮಿ. ಬಳ್ಳಾರಿಯಾಗ ಅಷ್ಟಕ್ಕ ಮನಿ ಮಂದಿಗೆಲ್ಲ ನಾಷ್ಟಾ ಆಗತೈತಿ ಅಂತ ಗೊತ್ತು ನನಗ. ಯಾಕ ಹಂಗ ಅಂದ್ರ, ಅಂಗಡಿಯಾಂವ ಬರೇ ಬಾಡಿಗಿ ಕೊಡಂಗಿಲ್ಲ, ಮಾರಿದ್ದರಾಗ ಒಂದು ಪಾಲನ್ನ ಏರ್‌ಪೋರ್ಟ್ ಕಂಪನಿಗೆ ಕೊಡಬೇಕು. ಹಾಲಿನ ಕ್ರೇಟಿನಿಂದ ಹಿಡಿದು ಟಿಶ್ಯೂ ಪೇಪರ್‌ತನ ಎಲ್ಲಾನೂ ಸ್ಕ್ಯಾನ್ ಆಗಿ ಒಳಗ ಬರಬೇಕು, ಕೆಲಸದ ಹುಡುಗರಿಗೆ ಪಾಸ್ ಬೇಕು, ಪೊಲೀಸ್ ವೆರಿಫಿಕೇಶನ್ ಬೇಕು, ಒಬ್ಬಾಂವ ರಜಾ ಹಾಕಿದ್ರ ಬದ್ಲಿ ಆಳನ್ನ ಹೊರಗಿಂದ ಕರ್ಯಾಕ ಆಗಂಗಿಲ್ಲ. ಇನ್ನೊಂದು ಮಂದಿಗೆ ಗೊತ್ತಿಲ್ಲದ ವಿಷಯ: ವಿಮಾನ ಇಳಿಯೋ ಶುಲ್ಕ, ಪ್ರಯಾಣಿಕರ ಫೀಸು ಇವನ್ನ ಏರಾ ಅನ್ನೋ ಪ್ರಾಧಿಕಾರ ಕಟ್ಟುನಿಟ್ಟು ನಿಗದಿ ಮಾಡತೈತಿ, ಕಾಫಿ-ಇಡ್ಲಿ ರೇಟಿಗೆ ಅದು ಕೈ ಹಾಕಂಗಿಲ್ಲ. ಆದ್ರ 2016ರ ವಿಮಾನಯಾನ ನೀತಿಯ ಪ್ರಕಾರ ಅಂಗಡಿ, ಪಾರ್ಕಿಂಗ್ ಇಂಥಾದ್ದರಿಂದ ಏರ್‌ಪೋರ್ಟಿಗೆ ಬರೋ ಆದಾಯದಾಗ ಶೇ 30ರಷ್ಟನ್ನ ಲೆಕ್ಕಕ್ಕ ಹಿಡದು ಆ ಫೀಸನ್ನ ಅಷ್ಟು ಇಳಸ್ತಾರ, ಹೈಬ್ರಿಡ್ ಟಿಲ್ ಅಂತಾರ ಇದಕ್ಕ. ಅಂದ್ರ ನಿಮ್ಮ ಕಾಫಿಯೊಳಗಿನ ನಾಕಾಣೆ ಪಕ್ಕದ ಸೀಟಿನಾಂವನ ಟಿಕೆಟಿಗೆ ಹೋಗತೈತಿ, ಪುಣ್ಯ ಅಂತ ತಿಳ್ಕೊರಿ, ಹೆಂಗೂ ಕಾಶಿಗೆ ಹೊಂಟೀರಿ.

ಅಗ್ಗದ್ದೂ ಶುರು ಆಗ್ಯಾವ. ಕೋಲ್ಕತ್ತಾ ಏರ್‌ಪೋರ್ಟ್‌ನ್ಯಾಗ 2024ರ ಡಿಸೆಂಬರ್‌ಗೆ ಉಡಾನ್ ಯಾತ್ರಿ ಕೆಫೆ ಅಂತ ತೆಗೆದ್ರು, ಚಹಾ 10, ಕಾಫಿ 20, ಸಮೋಸಾ 20, ನೀರಿನ ಬಾಟ್ಲಿ 10 ರೂಪಾಯಿ. ಆಮ್ಯಾಲೆ 2025ರ ಫೆಬ್ರವರಿಯೊಳಗ ಚೆನ್ನೈನ್ಯಾಗ ತೆಗೆದ್ರು, ಹಿಂಗ ಬ್ಯಾರೆ ಊರಿಗೂ ಬರಾಕತ್ಯಾವ. ಇವನ್ನ ತೆಗೆದಾವ್ರು ಸರಕಾರದ ವಿಮಾನ ನಿಲ್ದಾಣ ಪ್ರಾಧಿಕಾರದವರು, ವಾರಾಣಸಿ ಏರ್‌ಪೋರ್ಟೂ ಅವರದ, ವಾಪಸ್ ಬರೋವಾಗ ಅಲ್ಲಿ ಒಂದು ಮಾತು ಕೇಳಿ ನೋಡ್ರಿ.

ಖರ್ಚು ಉಳಿಸೋ ನನ್ನ ಸ್ವಂತ ಉಪಾಯ ಒಂದು ಐತಿ, ಅದು ಬಂದಿದ್ದು ಹೆಂಗ ಅಂತ ಹೇಳ್ತೀನಿ. ಒಂದಿನ ನಸುಕಿನ್ಯಾಗ ನಮ್ ಕೌಂಟರಿಗೆ ಸಂಡೂರು ಕಡೆಯ ಅಜ್ಜ-ಅಜ್ಜಿ ಬಂದ್ರು. ಅಜ್ಜ ಧೋತ್ರ, ತಲಿಗೆ ರುಮಾಲು, ಭಾಳ ಠೀವಿ. 'ತಮ್ಮಾ, ಕಾಫಿ ಒನ್ ಬೈ ಟೂ ಮಾಡು' ಅಂದ್ರು. ನನ್ನ ಜೊತಿ ನಿಂತ ಹುಡುಗ ಕ್ಯಾಪುಚಿನೊ ಒಂದು ಕಪ್ಪು ಕೊಟ್ಟ. ಅಜ್ಜ ಇನ್ನೊಂದು ಖಾಲಿ ಕಪ್ಪು ಕೇಳಿದ್ರು, ಅಂವ ಆಗಂಗಿಲ್ಲ ಅಂದ. ಹುಡುಗನ ತಪ್ಪಲ್ರಿ, ಆ ಅಂಗಡಿಯೊಳಗ ಪೇಪರ್ ಕಪ್ಪು ಎಣಿಸಿ ಇಟ್ಟಿರ್ತಿದ್ರು, ಶಿಫ್ಟ್ ಮುಗಿಯೋವಾಗ ಬಿಲ್ಲಿಗೂ ಕಪ್ಪಿಗೂ ತಾಳಿ ಆಗಬೇಕು, ಒಂದು ಕಡಿಮಿ ಬಂದ್ರ ನಮ್ ಪಗಾರದಾಗ ಹಿಡೀತಿದ್ರು. ಅಜ್ಜಗ ಸಿಟ್ಟು ಬಂತು, ನನ್ನ ಮುಖ ನೋಡಿದ್ರು. ಅಜ್ಜಿ ಏನೂ ಮಾತಾಡ್ಲಿಲ್ಲ, ಕೈಚೀಲದಾಗ ಕೈ ಹಾಕಿ ಸೆರಗಿಲೆ ಒರಸಿ ಎರಡು ಸ್ಟೀಲ್ ಲೋಟ ಮುಂದ ಇಟ್ಟಳು, ಪೇಪರ್ ಕಪ್ಪಿನ ಮುಚ್ಚಳ ತೆಗೆದು ನೊರಿ ಸಮೇತ ಒಂದು ತೊಟ್ಟು ಚೆಲ್ಲದಂಗ ಸಮಸಮ ಹೊಯ್ದಳು. ಅಜ್ಜ ಮೀಸಿ ಮ್ಯಾಲಿನ ನೊರಿ ಒರಸ್ಕೊಂಡು 'ಸಪ್ಪಗೈತಿ, ಆದ್ರೂ ನಡೀತೈತಿ' ಅಂದ್ರು. ಅವತ್ತಿಂದ ನಾನು ಕಳಸೋ ಪ್ರತಿ ಗುಂಪಿಗೂ ಹೇಳ್ತೀನಿ, ಸ್ಟೀಲ್ ಲೋಟ ಇಟ್ಕೊರಿ ಅಂತ, ಸೆಕ್ಯುರಿಟಿಯಾಗ ಅದಕ್ಕ ಏನೂ ಅನ್ನಂಗಿಲ್ಲ. ದೊಡ್ಡ ಸೈಜಿಂದು ಒಂದು ತಗೊಂಡ್ರ ಇಬ್ರಿಗೆ ಬೇಕಾದಷ್ಟಾಗತೈತಿ. ಲೋಟದಾಗ ಹೊಯ್ದು ಕುಡುದ್ರ ಅಪ್ಪಾರಿಗೂ ಇದು ಕಾಫಿ ಅನಸ್ತೈತಿ, ಮುಚ್ಚಳದ ತೂತಿನಿಂದ ಹೀರೋದು ಅವ್ರ ವಯಸ್ಸಿಗೆ ಒಗ್ಗಂಗಿಲ್ಲ.

ಮನಿಯಿಂದ ಫ್ಲಾಸ್ಕಿನ್ಯಾಗ ಕಾಫಿ ಒಯ್ಯೋದಾದ್ರ ಟರ್ಮಿನಲ್ ಹೊರಗ ಕುಂತು ಕುಡದು ಖಾಲಿ ಮಾಡ್ರಿ, ಸೆಕ್ಯುರಿಟಿಯಾಗ ಬಿಸಿ ದ್ರವ ಕಂಡ್ರ ತಗದಿಡ್ರಿ ಅಂತಾರ, ಜಗಳಕ್ಕ ಟೈಮಿಲ್ಲ. ನೀರಿನ ಬಾಟ್ಲಿನೂ ಖಾಲಿ ಒಯ್ರಿ, ಒಳಗ ಕುಡಿಯೋ ನೀರಿನ ನಳ ಇರ್ತಾವ, ತುಂಬ್ಕೊರಿ.

ಇನ್ನ ತಿಂಡಿ. ಒಣ ತಿನಿಸಿಗೆ ಯಾರೂ ತಡಿಯಂಗಿಲ್ಲ. ಚಪಾತಿ, ಮೆಂತ್ಯಪಲ್ಲೆ ಹಚ್ಚಿ ಬಡಿದ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಲ್ಲಾ ಒಯ್ರಿ. ಕಟಕ ರೊಟ್ಟಿ ಮಾತ್ರ ಬ್ಯಾಡ, ವಿಮಾನದಾಗ ಮುರಿಯೋವಾಗ ಆ ಸಪ್ಪಳಕ್ಕ ಮೂರು ಸಾಲು ತಿರುಗಿ ನೋಡ್ತಾರ, ನಾನ ಅನುಭವಸೀನಿ. ಮೊಸರು, ಹಸಿ ಚಟ್ನಿ, ಸಾರು ಬ್ಯಾಡ. ಉಪ್ಪಿನಕಾಯಿ ಬೇಕಂದ್ರ ಗಟ್ಟಿ ಪ್ಯಾಕ್ ಮಾಡಿ ದೊಡ್ಡ ಬ್ಯಾಗಿಗೆ ಹಾಕ್ರಿ. ಒಣಕೊಬ್ಬರಿ ಗಿಟುಕು ಅಂತೂ ಎಲ್ಲೂ ಬ್ಯಾಡ, ಕೈಬ್ಯಾಗಿಗೂ ಬ್ಯಾಡ, ದೊಡ್ಡ ಬ್ಯಾಗಿಗೂ ಬ್ಯಾಡ. ಪೂಜಾಕ್ಕ ಅಂತ ಅವ್ವಾರು ಇಟ್ಟುಬಿಟ್ಟಿರ್ತಾರ ನೋಡ್ರಿ, ಆ ಗಿಟುಕಿನ್ಯಾಗ ಎಣ್ಣಿ ಅಂಶ ಭಾಳ, ತಾನಾಗಿ ಕಾದು ಹೊತ್ತಿಕೊಳ್ಳೋ ಸರಕು ಅಂತ ವಿಮಾನದವರ ಅಪಾಯದ ಪಟ್ಟಿಯೊಳಗ ಐತಿ.

ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಟ್ಟಿಗೊಂಡು ಹೋಗೋಣು ಅಂತ ಅಪ್ಪಾರು ಅಂದೇ ಅಂತಾರ. ಬಳ್ಳಾರಿ ಮಂದಿ ನಾವು, ಮಂಡಾಳು ಒಗ್ಗರಣಿ ಇಲ್ಲದ ಮುಂಜಾನೆ ಮುಂಜಾನೆನ ಅಲ್ಲ. ಆದ್ರ ತೋಯಿಸಿದ ಮಂಡಾಳು ರಾತ್ರಿಯಿಂದ ಮುಂಜಾನಿತನ ಇಟ್ರ ಮುದ್ದಿಯಾಗತೈತಿ, ಮಿರ್ಚಿ ಕಥಿ ಬ್ಯಾರೆ ಐತಿ. ವಿಮಾನ ಮ್ಯಾಲೇರಿದ ಮ್ಯಾಲೆ ಒಳಗಿನ ಗಾಳಿ ಒತ್ತಡ ಆರೆಂಟು ಸಾವಿರ ಅಡಿ ಎತ್ತರದ ಗುಡ್ಡದ ಮ್ಯಾಲೆ ಕುಂತಂಗ ಇರ್ತೈತಿ, ಒತ್ತಡ ಕಡಿಮಿ ಆದ್ರ ಹೊಟ್ಟಿಯೊಳಗಿನ ಗಾಳಿ ಉಬ್ಬತೈತಿ. ಕಡ್ಲಿಹಿಟ್ಟಿನ ಮಿರ್ಚಿ, ಸೋಡಾ, ಕಾಳು ಪಲ್ಲೆ ತಿಂದು ಏರಿದ್ರ ಹೊಟ್ಟಿ ಡೊಳ್ಳು ಬಾರಸ್ತೈತಿ. ಬರೋ ದಾರಿಯಾಗ ಅನಂತಪುರದ ಕಡೆ ಉಗ್ಗಾನಿ-ಬಜ್ಜಿ ಅಂತ ಇದ ಒಗ್ಗರಣಿ ತೆಲುಗು ಹೆಸರಿಲೆ ಸಿಗತೈತಿ, ವಾಪಸ್ ಬರೋವಾಗ ಹೊಟ್ಟಿ ತುಂಬ ತಿನ್ರಿ.

ದಾರಿ ಅಂದ್ನಲ್ಲ, ಹೊಸೂಬ್ರು ಹಿರಿಯೂರು-ತುಮಕೂರು ಮ್ಯಾಲೆ ಬೆಂಗಳೂರು ಊರೊಳಗ ಹೊಕ್ಕು ಏರ್‌ಪೋರ್ಟಿಗೆ ಹೋಗ್ತಾರ. ನೀವು ಬಳ್ಳಾರಿಯಿಂದ ಅನಂತಪುರಕ್ಕ ಹೋಗಿ 44ರ ಹೈವೇ ಹಿಡೀರಿ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದ್ರ ಸೀದಾ ದೇವನಹಳ್ಳಿ. ಐದಾರು ತಾಸು ಹಿಡದು ರಾತ್ರಿ ಹತ್ತಕ್ಕ ಬಿಡ್ರಿ. ಕಳಸಾಕ ಅಂತ ಕ್ರೂಸರ್ ತುಂಬ ಮಂದಿ ಬಂದ್ರ ಅವರನ್ನ ಒಳಗ ಬಿಡಂಗಿಲ್ಲ, ಟಿಕೆಟ್ ಮತ್ತ ಐಡಿ ಇದ್ದೋರಿಗಷ್ಟ. ಟರ್ಮಿನಲ್ 1 ಏನು 2 ಏನು ಅಂತ ಟಿಕೆಟ್ಟಿನ್ಯಾಗ ಮೊದ್ಲ ನೋಡ್ರಿ, ತಪ್ಪು ಕಡೆ ಇಳಿದ್ರ ನಾ ಹೇಳಿದ ಮೂವತ್ತೈದು ನಿಮಿಷ ಅಲ್ಲೇ ಮುಗೀತು.

ಕೆಲವೊಬ್ರಿಗೆ ಒಳಗ ಬಿಸಿದು ತಿನ್ನಬೇಕು ಅನಸ್ತೈತಿ, ಅವರಿಗೆ ಒಂದ ಮಾತು: ಕಣ್ಣಿಗೆ ತಯಾರ್ ಕಾಣೋದನ್ನ ಕೇಳ್ರಿ. ಇಡ್ಲಿ, ಉಪ್ಪಿಟ್ಟು, ಪೊಂಗಲ್ ಬಿಸಿ ಡಬ್ಬಿಯೊಳಗ ಇರ್ತಾವ, ಎತ್ತಿ ಕೊಡ್ತಾರ. ದೋಸಿ ಆರ್ಡರ್ ಆದ ಮ್ಯಾಲೆ ಹಾಕ್ತಾರ. ಆರು ವರ್ಷ ಕೌಂಟರ್ ಆ ಕಡೆ ನಿಂತಾಂವ ನಾನು, ನನಗ ಇದು ಗೊತ್ತಿರಬೇಕಿತ್ತು, ಆದ್ರೂ ಒಂದ್ಸಲ ಈ ಕಡೆ ನಿಂತಾಗ ಮಸಾಲಿ ದೋಸಿಗೆ ಆಸಿ ಬಿದ್ದು ಟೋಕನ್ ತಗೊಂಡೆ, ನಂದು 73, ಬೋರ್ಡಿನ್ಯಾಗ 61 ಓಡಾಕತ್ತಿತ್ತು. ಹೆಸರು ಕೂಗ್ತಾರ ಬಿಡು ಅಂತ ಕುಂತೆ. ದೊಡ್ಡ ಏರ್‌ಪೋರ್ಟ್‌ನ್ಯಾಗ ಈಗ ಬೋರ್ಡಿಂಗಿಗೆ ಅಂತ ಕೂಗೋದು ಬಹಳ ಕಡೆ ನಿಂತೈತಿ, ಪರದಿ ಮ್ಯಾಲೆ ನಾವೇ ನೋಡ್ಕೋಬೇಕು. ನೋಡಿದಾಗ ಗೇಟ್ ಬದ್ಲಾಗಿತ್ತು. ದೋಸಿ ಬಿಟ್ಟು ಓಡಿದೆ, ಗೇಟ್ ಸಿಕ್ಕಿತು, ದೋಸಿ ರೊಕ್ಕ ಸಿಗ್ಲಿಲ್ಲ. ಆ 73 ಅನ್ನೋ ಚೀಟಿ ಇನ್ನೂ ನನ್ನ ಪರ್ಸಿನ್ಯಾಗ ಐತಿ.

ಫ್ಲೈಟ್ ತಡ ಆದ್ರ ಲೆಕ್ಕ ಬದ್ಲಾಗತೈತಿ. ಬೋರ್ಡಿಂಗ್ ಅರ್ಧ ತಾಸಿಗಿಂತ ಮುಂದ ಹೋತು ಅಂದ್ರ ವಿಮಾನದ ದಾರಿ ಕಾಯಬ್ಯಾಡ್ರಿ, ಏಳರ ಸುಮಾರಿಗೆ ಗೇಟ್ ಮುಂದ ಕುಂತೇ ಡಬ್ಬಿ ಬಿಚ್ಚಿ ಅಪ್ಪಾರಿಗೆ ತಿನಸ್ರಿ. ಮತ್ತ ಹಕ್ಕು ಕೇಳಾಕ ನಾಚಬ್ಯಾಡ್ರಿ: ವಿಮಾನ ಕಂಪನಿಗಳ ಮ್ಯಾಲೆ ಕಣ್ಣಿಡೋ ಸರಕಾರಿ ಸಂಸ್ಥೆ ಡಿಜಿಸಿಎ ನಿಯಮದಾಗ, ಎರಡೂವರೆ ತಾಸಿನೊಳಗಿನ ಪ್ರಯಾಣಕ್ಕ 2 ತಾಸು ತಡ ಆದ್ರ, ಎರಡೂವರೆಯಿಂದ ಐದು ತಾಸಿನ ಪ್ರಯಾಣಕ್ಕ 3 ತಾಸು ತಡ ಆದ್ರ ವಿಮಾನ ಕಂಪನಿ ತಿಂಡಿ-ಕಾಫಿ ಕೊಡಬೇಕು. ನೀವು ಟೈಮಿಗೆ ಚೆಕ್‌ಇನ್ ಆಗಿರಬೇಕು ಅಷ್ಟ. ಕೌಂಟರಿಗೆ ಹೋಗಿ ಕೇಳಿದೋರಿಗೆ ಕೂಪನ್ ಮೊದ್ಲ ಸಿಗತೈತಿ, ಸೀಟಿನ್ಯಾಗ ಕುಂತು ಬೈಯೋರಿಗೆ ಕೊನಿಗೆ.

ಲೌಂಜ್, ಅಂದ್ರ ಏರ್‌ಪೋರ್ಟ್ ಒಳಗಿನ ವಿಶ್ರಾಂತಿ ಕೋಣಿ, ಅದರ ಬಗ್ಗೆ ನೀವು ಕೇಳಿಲ್ಲ, ಆದ್ರ ಯಾರಾರ ಹೇಳೇ ಹೇಳ್ತಾರ, ಕಾರ್ಡ್ ಉಜ್ಜಿದ್ರ ಪುಕ್ಕಟೆ ಊಟ ಅಂತ. ಈಗ ಬಹಳಷ್ಟು ಬ್ಯಾಂಕಿನವರು ಹಿಂದಿನ ಮೂರು ತಿಂಗಳಾಗ ಇಷ್ಟು ಖರ್ಚು ಮಾಡಿರಬೇಕು ಅಂತ ಷರತ್ತು ಹಾಕ್ಯಾರ, ಒಂದು ಕಾರ್ಡಿಗೆ ಒಬ್ರಿಗಷ್ಟ, ಮುಂಜಾನೆ ಅಲ್ಲೂ ಸಾಲು. ನಿಮ್ಮ ಮೂವತ್ತೈದು ನಿಮಿಷಕ್ಕ ಅದು ಬ್ಯಾಡ.

ಅವ್ವಾರಿಗೆ ಮೊಣಕಾಲು ನೋವಿದ್ದು ವೀಲ್‌ಚೇರ್ ಬರಸಿದ್ರ ಒಂದು ನೆನಪಿಟ್ಕೊರಿ, ಆ ಹುಡುಗ ಕುರ್ಚಿ ತಳ್ಕೊಂಡು ಸೀದಾ ಗೇಟಿಗೆ ಒಯ್ದು ಬಿಟ್ಟು ಮುಂದಿನವರ ಕಡೆ ಓಡ್ತಾನ. ಸೆಕ್ಯುರಿಟಿ ದಾಟಿದ ಕೂಡ್ಲೇ 'ತಮ್ಮಾ, ಗುಳಿಗಿ ತಗೋಬೇಕು, ಒಂದು ಕಾಫಿ ತಗೊಂಡು ಹೋಗೋಣು' ಅಂದ್ರ ನಿಲ್ಲಸ್ತಾನ.

ಕಾಫಿ ಕುಡದ ಮ್ಯಾಲೆ ಬಾತ್‌ರೂಮ್‌ಗೆ ಹೋಗಿಯೇ ಲೈನಿಗೆ ನಿಲ್ರಿ, ಯಾಕಂದ್ರ ಬಾಗ್ಲ ಹಾಕಿದ ಮ್ಯಾಲೆ ವಿಮಾನ ಏರಿ ಬೆಲ್ಟ್ ಲೈಟ್ ಆರೋತನ ಏಳಾಕ ಬಿಡಂಗಿಲ್ಲ, ವಯಸ್ಸಾದೋರಿಗೆ ಆ ಮುಕ್ಕಾಲು ತಾಸು ಭಾಳ ಕಷ್ಟ. ಅಪ್ಪಾರಿಗೆ ದಾರಿ ಪಕ್ಕದ ಸೀಟ್ ತಗೊರಿ, ಕಿಟಕಿ ನಿಮಗ ಇರ್ಲಿ. ಅರ್ಧ ಕಪ್ಪು ಉಳದೈತಿ ಅಂತ ಬಿಸಿ ಕಾಫಿ ಕೈಯಾಗ ಹಿಡ್ಕೊಂಡು ಲೈನಿಗೆ ನಿಲ್ಲಬ್ಯಾಡ್ರಿ, ಒಂದೊಂದ್ಸಲ ಬಸ್ಸಿನ್ಯಾಗ ವಿಮಾನದತನ ಒಯ್ತಾರ, ನಿಂತ ಬಸ್ಸು, ಬ್ರೇಕ್ ಹಾಕಿದ್ರ ಮುಂದಿನಾಂವನ ಬೆನ್ನಿಗೆ ಅಭಿಷೇಕ.

ಕೊನಿದು, ಅಪ್ಪಾರು ಎಲಿ-ಅಡಿಕಿ ಹಾಕೋರಾದ್ರ ಸಂಚಿ ಹಿಂದಿನ ದಿನವೇ ನೀವು ಬಿಚ್ಚಿ ನೋಡ್ರಿ. ಅಡಕೊತ್ತು ಇದ್ರ ಸೆಕ್ಯುರಿಟಿಯಾಗ ಹೋತು, ಕಡ್ಡಿಪೆಟ್ಟಿಗಿ, ಲೈಟರ್ ಇದ್ರ ಅವೂ ಹೋತು. ಹಿತ್ತಾಳಿ ಅಡಕೊತ್ತು ಬುಟ್ಟಿಯೊಳಗ ಬೀಳೋದನ್ನ ನೋಡಿ ಕಣ್ಣೀರು ಹಾಕಿದೋರನ್ನ ನೋಡೀನಿ, ಅವರಪ್ಪನ ಕಾಲದ್ದಂತ. ಅಡಿಕಿ ಮನಿಯಾಗ ಹೋಳು ಮಾಡಿ ಸಣ್ಣ ಡಬ್ಬಿಗೆ ಹಾಕಿಕೊಡ್ರಿ, ವಿಮಾನ ಇಳಿಯೋವಾಗ ಕಿವಿ ಕಟ್ಟತಾವಲ್ಲ, ಆಗ ಒಂದು ಹೋಳು ಬಾಯಾಗ ಹಾಕಿ ಜಗಿದು ಉಗುಳು ನುಂಗಿದ್ರ ಕಿವಿ ಬಿಡತಾವ. ಎಲಿ-ಸುಣ್ಣ ಮಾತ್ರ ಕಾಶಿ ಮುಟ್ಟಿದ ಮ್ಯಾಲೆ. ಅಲ್ಲಿ ಎಲಿಗೇನು ಬರ ಇಲ್ಲ.